ಚಿಪ್‌ಗೆ ಹೆದರಬೇಕಾ? ಬೆಚಲೇಲನ ಕೈ ಮತ್ತು ಹಣೆಯ ಮೇಲಿನ ಹೆಸರು

(ಸಾವಳಗಿಯಲ್ಲಿ ನಡೆದ ಯುವಜನರ ಕೂಟದ ಸಂದೇಶ. ಧ್ವನಿಮುದ್ರಣದಿಂದ ಬರೆದುಕೊಂಡದ್ದು.)

ವಾಕ್ಯಭಾಗ: ವಿಮೋಚನಕಾಂಡ 35:30–35, ಪ್ರಕಟನೆ 13:11–14:5

ಬೆಂಗಳೂರು, ಪುಣೆ, ಹುಬ್ಬಳ್ಳಿಯಿಂದ ರಜೆಗೆ ಊರಿಗೆ ಬಂದಿರುವ ಯೌವನಸ್ಥರೇ, ಹಿಂದೆ ಗೋಡೆಗೆ ಒರಗಿ ಕೂತಿರುವ ತಂದೆ-ತಾಯಂದಿರೇ, ಇವತ್ತು ಇಬ್ಬರಿಗೂ ಸೇರಿ ಒಂದೇ ಸಂದೇಶ. ಹಿಂದ ಕುಂತವರು "ಇದು ಹುಡುಗರ ಮಾತು, ನಮಗ್ಯಾಕ" ಅಂತ ತೂಕಡಿಸಬ್ಯಾಡ್ರಿ. ಅರ್ಧ ಮಾತು ನಿಮಗೇ ಐತಿ.

ಎರಡು ಭಾಗ ಓದಿದೆವು. ಒಂದರಲ್ಲಿ ದೇವರ ಆತ್ಮನು ಒಬ್ಬ ಕೆಲಸಗಾರನ ಕೈಗೆ ಬರುತ್ತಾನೆ. ಇನ್ನೊಂದರಲ್ಲಿ ಮೃಗವು ಜನರ ಬಲಗೈ ಮೇಲೆ, ಹಣೆ ಮೇಲೆ ಗುರುತು ಹಾಕಿಸುತ್ತದೆ. ನಮ್ಮ ಸಭೆಗಳಲ್ಲಿ ಎರಡನೆಯದನ್ನು ಬಹಳ ಬೋಧಿಸಿದ್ದೇವೆ, ಮೊದಲನೆಯದನ್ನು ಬಹಳ ಕಡಿಮೆ. ಅದರ ಫಲ ಏನಾಗಿದೆ ಗೊತ್ತಾ? ಹೊಸ ಯಂತ್ರ ಬಂದ ಕೂಡಲೇ ನಮ್ಮ ಜನ ನೇರವಾಗಿ ಪ್ರಕಟನೆ 13ಕ್ಕೆ ಓಡುತ್ತಾರೆ.

ಇದು ಇಂದು ನಿನ್ನೆಯದಲ್ಲ. 1974ರ ಜೂನ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಒಂದು ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಮೊದಲ ಸಲ ಯಂತ್ರ ಓದಿತು. ಆಮೇಲೆ ಆ ಗೆರೆಗಳೊಳಗೆ 666 ಅಡಗಿದೆ ಅಂತ ಪುಸ್ತಕಗಳೇ ಬಂದವು. ನಂತರ ಕ್ರೆಡಿಟ್ ಕಾರ್ಡ್. ನಮ್ಮ ದೇಶದಲ್ಲಿ ಆಧಾರ್ ಬಂದಾಗಲೂ ಕೆಲವು ವಿಶ್ವಾಸಿಗಳು ಅದೇ ಮಾತಾಡಿದರು. ಕೊರೊನಾ ಕಾಲದಲ್ಲಿ ಸೂಜಿಯೊಳಗೆ ಚಿಪ್ ಇದೆ ಅಂದರು. ಈಗ ಮಿದುಳಿನ ಹಾಗೆ ಕೆಲಸ ಮಾಡುವ ಚಿಪ್, ಮಿದುಳಿನೊಳಗೇ ಇಡುವ ಚಿಪ್. ವಾಟ್ಸಾಪ್‌ಗೆ ಹಬ್ಬ!

ನಗಬೇಡಿ. ಈ ಭಯಕ್ಕೆ ಮನುಷ್ಯರು ಬೆಲೆ ಕಟ್ಟುತ್ತಿದ್ದಾರೆ. ನಮ್ಮ ಭಾಗದ ಒಬ್ಬ ತಾಯಿ ನನಗೆ ಫೋನ್ ಮಾಡಿದ್ದರು. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ. "ಪಾಸ್ಟರ್ರ, ನಮ್ಮ ಹುಡುಗಿ ಬೆಂಗಳೂರಾಗ ಚಿಪ್ ಕಂಪನಿಯಾಗ ಅದಾಳ್ರಿ. ಅದೇ ಮೃಗದ ಗುರುತು ಅಂತ ಮೊಬೈಲ್‌ನ್ಯಾಗ ಬಂದೈತಿ. ನಾ ಮೂರು ದಿನ ಉಪವಾಸ ಹಿಡದೇನಿ. ನೌಕರಿ ಬಿಡಿಸಲೇನ್ರಿ?" ಆ ಹುಡುಗಿಯ ಸಂಬಳದಲ್ಲಿ ಅಪ್ಪನ ಬೋರ್‌ವೆಲ್ ಸಾಲ ತೀರುತ್ತಿದೆ, ತಮ್ಮನ ಕಾಲೇಜು ನಡೀತಿದೆ. ಆದರೂ ಆ ತಾಯಿ ಬಿಡಿಸಲು ತಯಾರು. ಮಗಳ ಆತ್ಮ ಮುಖ್ಯ, ಸಂಬಳ ಅಲ್ಲ ಅಂತ. ಆ ವಿಶ್ವಾಸಕ್ಕೆ ನಾನು ತಲೆಬಾಗುತ್ತೇನೆ. ಆಮೇಲೆ ಮಗಳೂ ಫೋನ್ ಮಾಡಿದಳು: "ಪಾಸ್ಟರ್, ನಾ ದೇವರ ವಿರುದ್ಧ ಕೆಲಸ ಮಾಡಾಕತ್ತೇನೇನು? ನಿಜ ಹೇಳ್ರಿ, ಬಿಡು ಅಂದ್ರ ಬಿಡ್ತೇನಿ."

ಎರಡು ಕಡೆಯೂ ಪ್ರಾಮಾಣಿಕ ವಿಶ್ವಾಸ. ಅಂಥವರಿಗೆ ಪಾಸ್ಟರ್ ಆದವನು "ಪ್ರಾರ್ಥನೆ ಮಾಡ್ರಿ, ದೇವರು ನಡೆಸ್ತಾನೆ" ಅಂತ ಜಾರಿಕೊಳ್ಳಬಾರದು. ವಾಕ್ಯ ತೆಗೆದು ಉತ್ತರ ಕೊಡಬೇಕು.

ಬನ್ನಿ, ಪ್ರಕಟನೆ 13. ಸಾವಕಾಶವಾಗಿ ಓದಿ, ಕ್ರಮ ಗಮನಿಸಿ. ಎರಡನೆಯ ಮೃಗ ಬರುತ್ತದೆ. ಅದು ಮೊದಲು ಮಾಡಿಸುವುದು ಏನು? ಆರಾಧನೆ! ಭೂನಿವಾಸಿಗಳು ಮೊದಲನೆಯ ಮೃಗಕ್ಕೆ ಅಡ್ಡಬೀಳುವಂತೆ ಮಾಡುತ್ತದೆ. ಪ್ರತಿಮೆ ಮಾಡಿಸುತ್ತದೆ, ಅಡ್ಡಬೀಳದವರನ್ನು ಕೊಲ್ಲಿಸುತ್ತದೆ. ಇಷ್ಟಾದ ಮೇಲೆ ಗುರುತು. ಮುಂದೆ 14ನೇ ಅಧ್ಯಾಯದಲ್ಲಿ ಮೂರನೆಯ ದೇವದೂತನು ಎಚ್ಚರಿಕೆ ಕೊಡುವಾಗಲೂ ಅಡ್ಡಬೀಳುವುದನ್ನೂ ಗುರುತು ಹಾಕಿಸಿಕೊಳ್ಳುವುದನ್ನೂ ಒಟ್ಟಿಗೇ ಹೇಳುತ್ತಾನೆ. ಗೊತ್ತಿಲ್ಲದೆ ಮೈಗೆ ಅಂಟಿಕೊಳ್ಳುವ ಗುರುತು ಅದಲ್ಲ. ಬಸ್ಸಿನಲ್ಲಿ ನೆಗಡಿ ಹತ್ತಿದ ಹಾಗೆ ಯಾರಿಗೂ ಹತ್ತುವುದಿಲ್ಲ. ನೀನು ಯಾರಿಗೆ ಅಡ್ಡಬಿದ್ದೆ ಅನ್ನುವುದಕ್ಕೆ ಅದು ಮುದ್ರೆ.

ಮತ್ತೆ ಕೈ ಮತ್ತು ಹಣೆ ಯಾಕೆ? ಯೋಹಾನನು ಯೆಹೂದ್ಯನು. ಅವನಿಗೆ ಧರ್ಮೋಪದೇಶಕಾಂಡ 6 ಬಾಯಿಪಾಠ. ಅಲ್ಲಿ ದೇವರು ತನ್ನ ಆಜ್ಞೆಗಳನ್ನು ಕೈಗೆ ಕಟ್ಟಿಕೊಳ್ಳಿ, ಕಣ್ಣುಗಳ ನಡುವೆ ಇಟ್ಟುಕೊಳ್ಳಿ ಅಂದಿದ್ದಾನೆ. ಅಂದರೆ ನಿನ್ನ ಕೆಲಸ ನನ್ನದು, ನಿನ್ನ ಯೋಚನೆ ನನ್ನದು ಅಂತ. ಮೃಗ ಮಾಡುವುದು ಅದರ ನಕಲು. ಆಮೇಲೆ ನಾವು ಅಧ್ಯಾಯ 13 ಮುಗಿಸಿ ಪುಸ್ತಕ ಮುಚ್ಚಿಬಿಡುತ್ತೇವೆ! ಒಂದೇ ವಚನ ಮುಂದೆ ಹೋಗಿ. 14:1. ಚೀಯೋನ್ ಪರ್ವತ, ಯಜ್ಞದ ಕುರಿಯಾದಾತನು ನಿಂತಿದ್ದಾನೆ, ಆತನ ಜೊತೆಯಲ್ಲಿರುವವರ ಹಣೆಯ ಮೇಲೂ ಒಂದು ಹೆಸರಿದೆ. ಆತನ ಹೆಸರು, ಆತನ ತಂದೆಯ ಹೆಸರು. ಹಲ್ಲೆಲೂಯ! ಪೌಲನು ಎಫೆಸದವರಿಗೆ ಬರೆಯುವಾಗ, ನಂಬಿದ ನೀವು ಪವಿತ್ರಾತ್ಮನಿಂದ ಮುದ್ರೆ ಹೊಂದಿದ್ದೀರಿ ಅನ್ನುತ್ತಾನೆ. ಹೊಂದುವಿರಿ ಅಲ್ಲ, ಹೊಂದಿದ್ದೀರಿ. ಆ ಮುದ್ರೆಯನ್ನು ಅಳಿಸುವ ಸಾಫ್ಟ್‌ವೇರ್ ಯಾವ ಕಂಪನಿಯಲ್ಲೂ ಇಲ್ಲ. (ಸಭೆ: ಆಮೆನ್!)

ಈಗ ಬೆಚಲೇಲನ ಹತ್ತಿರ ಬರೋಣ. ಅರಣ್ಯದಲ್ಲಿ ದೇವದರ್ಶನದ ಗುಡಾರ ಕಟ್ಟಬೇಕು. ಮೋಶೆ ಜನರಿಗೆ ಹೇಳುತ್ತಾನೆ: ಕರ್ತನು ಬೆಚಲೇಲನನ್ನು ಹೆಸರು ಹಿಡಿದು ಕರೆದಿದ್ದಾನೆ, ದೇವರಾತ್ಮದಿಂದ ತುಂಬಿಸಿದ್ದಾನೆ. ಯಾವುದಕ್ಕೆ? ಬೋಧನೆಗಲ್ಲ, ಪ್ರವಾದನೆಗೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರದಲ್ಲಿ ಕೆಲಸ ಮಾಡಲಿಕ್ಕೆ, ಕಲ್ಲು ಕೆತ್ತಲಿಕ್ಕೆ, ಮರ ಕೊರೆಯಲಿಕ್ಕೆ. ಪೆಂತೆಕೊಸ್ತ್‌ನವರಾದ ನಾವು ಆತ್ಮನ ತುಂಬುವಿಕೆ ಅಂದರೆ ಅನ್ಯಭಾಷೆ ಅಂತಲೇ ನೆನೆಸುತ್ತೇವೆ. ಅದು ಹೌದು. ಆದರೆ ಅದಕ್ಕೂ ಮುಂಚೆ ಒಬ್ಬ ಕಸುಬುದಾರನ ಬೆರಳುಗಳ ಮೇಲೆ ಅಭಿಷೇಕ ಬಂದಿತ್ತು. ಅವನ ಜೊತೆಗಾರ ಒಹೊಲೀಯಾಬ, ಕಸೂತಿ ಮತ್ತು ನೇಯ್ಗೆ ಬಲ್ಲವನು.

ನೇಯ್ಗೆ ಅಂದ ಕೂಡಲೇ ನಮ್ಮ ರಬಕವಿ-ಬನಹಟ್ಟಿ ನೆನಪಾಗಬೇಕು. ಅಲ್ಲಿಂದ ಬಂದವರು ಕೈ ಎತ್ತಿ. ನೋಡಿ, ಎಷ್ಟು ಜನ! ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ನೋಡಿದ್ದೀರಲ್ಲ, ಅದಕ್ಕೆ ರಟ್ಟಿನ ಕಾರ್ಡುಗಳ ಸರಮಾಲೆ. ತೂತು ಇದ್ದರೆ ಆ ಎಳೆ ಮೇಲೇಳುತ್ತದೆ, ತೂತು ಇಲ್ಲದಿದ್ದರೆ ಏಳುವುದಿಲ್ಲ. ಸೀರೆಯ ಅಂಚಿನ ಹೂವು ಆ ತೂತುಗಳಲ್ಲಿ ಬರೆದಿದೆ. ಫ್ರಾನ್ಸಿನ ಜಕಾರ್ ಎಂಬ ನೇಕಾರರ ಮಗ 1804ರಲ್ಲಿ ಮಾಡಿದ ಯಂತ್ರ ಅದು. ಅದನ್ನು ನೋಡಿ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ಕಾರ್ಡು ಬೇಕು ಅಂದ. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹಾಲೆರಿತ್ ತೂತಿನ ಕಾರ್ಡಿನಿಂದಲೇ ಎಣಿಸಿದ. ತೂತು ಇದೆ, ತೂತು ಇಲ್ಲ, ಒಂದು, ಸೊನ್ನೆ. ಹಿರಿಯರ, ನಿಮ್ಮ ಮಗಳು ಬೆಂಗಳೂರಾಗ ಮಾಡೂ ಚಿಪ್, ಮಗ್ಗದ ಮರಿಮಗಳು ಐತ್ರಿ. ಮಗ್ಗಕ್ಕ ಹೆದರಿದೇನು ನೀವು?

ಈಗ ಮುಂದೆ ಬರುವುದೇನು, ಮಿದುಳಿನಂಥ ಚಿಪ್ ಅಂದರೆ ಏನು? ಇಂಜಿನಿಯರುಗಳು ಸ್ವಲ್ಪ ತಾಳ್ಮೆಯಿಂದಿರಿ, ನಾನು ನಮ್ಮೂರ ಭಾಷೆಯಲ್ಲಿ ಹೇಳುತ್ತೇನೆ.

ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿದ್ದೀರಿ. ಹೊಲದಲ್ಲಿ ಕಬ್ಬಿದೆ, ಕಾರ್ಖಾನೆಯಲ್ಲಿ ಅರೆಯುವ ಯಂತ್ರವಿದೆ, ನಡುವೆ ಒಂದೇ ದಾರಿ. ಡೀಸೆಲ್ ಸುಡುವುದು, ಹೊತ್ತು ಹೋಗುವುದು, ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದು ಎಲ್ಲ ಆ ದಾರಿಯಲ್ಲೇ. ಇವತ್ತಿನ ಕಂಪ್ಯೂಟರೂ ಹಾಗೇ. ನೆನಪು ಒಂದು ಕಡೆ, ಲೆಕ್ಕ ಮಾಡುವ ಭಾಗ ಇನ್ನೊಂದು ಕಡೆ. 1945ರಲ್ಲಿ ಫಾನ್ ನಾಯ್ಮನ್ ಬರೆದಿಟ್ಟ ನಕ್ಷೆಯಲ್ಲೇ ಬಹುಪಾಲು ಯಂತ್ರಗಳು ಇನ್ನೂ ನಡೆಯುತ್ತಿವೆ. ಎಐ ಬಂದ ಮೇಲೆ ಈ ಸಾಗಾಟಕ್ಕೇ ಅಪಾರ ಕರೆಂಟು ಹೋಗುತ್ತಿದೆ.

ನಿಮ್ಮ ತಲೆಯೊಳಗೆ ದೇವರು ಇಟ್ಟಿರುವುದು ಬೇರೆ ಥರ. ಸುಮಾರು 8,600 ಕೋಟಿ ನರಕೋಶಗಳು. ಅವು ಒಂದಕ್ಕೊಂದು ತಾಗುವ ಜಾಗದಲ್ಲೇ ನೆನಪೂ ಇದೆ, ಲೆಕ್ಕವೂ ನಡೆಯುತ್ತದೆ. ಹೊಲದಲ್ಲೇ ಗಾಣ! ಇದಕ್ಕೆಲ್ಲ ತಗಲುವ ಶಕ್ತಿ ಸುಮಾರು 20 ವ್ಯಾಟ್. ಹಳೆಯ ಉದ್ದನೆಯ ಟ್ಯೂಬ್‌ಲೈಟ್ 40 ವ್ಯಾಟ್ ತಿನ್ನುತ್ತಿತ್ತು. ಅದರ ಅರ್ಧದಲ್ಲಿ ನೀವು ಹಾಡುತ್ತೀರಿ, ಅಳುತ್ತೀರಿ, ಅವ್ವನ ಮುಖ ಗುರುತು ಹಿಡಿಯುತ್ತೀರಿ. ನಮ್ಮನ್ನು ಎಷ್ಟು ಅದ್ಭುತವಾಗಿ ರಚಿಸಿದ್ದಾನೆ ಅಂತ ದಾವೀದನು 139ನೇ ಕೀರ್ತನೆಯಲ್ಲಿ ಬೆರಗಾದಾಗ ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೆರಡು ವಚನ ಜಾಸ್ತಿ ಬರೆಯುತ್ತಿದ್ದನೋ ಏನೋ.

ಆ ರಚನೆಯಿಂದ ಕಲಿತು ಚಿಪ್ ಮಾಡೋಣ ಅಂತ ಅಮೆರಿಕದ ಕಾರ್ವರ್ ಮೀಡ್ 1980ರ ದಶಕದಲ್ಲಿ ಶುರು ಮಾಡಿದರು. 2014ರಲ್ಲಿ ಐಬಿಎಂ ಹತ್ತು ಲಕ್ಷ ಕೃತಕ ನರಕೋಶಗಳ ಚಿಪ್ ತಂದಿತು. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಮಾತ್ರ ನಮ್ಮ ಬೆಂಗಳೂರಿನ ಸುದ್ದಿ. ಭಾರತೀಯ ವಿಜ್ಞಾನ ಸಂಸ್ಥೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅಲ್ಲಿ ಶ್ರೀತೋಷ್ ಗೋಸ್ವಾಮಿ, ನವಕಾಂತ ಭಟ್ ಮೊದಲಾದವರ ತಂಡ 2024ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿತು. ಅಣುಗಳ ಒಂದು ತೆಳು ಪದರ. ಅದಕ್ಕೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಒಳಗಿನ ಅಣುಗಳು ಕೊಂಚ ಸರಿದು, ಆದದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಮಾಮೂಲಿ ಚಿಪ್‌ನ ಒಂದು ಬಿಟ್‌ಗೆ ಎರಡೇ ಸ್ಥಿತಿ, ಗೇಟು ತೆರೆದಿದೆ ಇಲ್ಲವೇ ಮುಚ್ಚಿದೆ. ಈ ಪದರದಲ್ಲಿ ಸುಮಾರು 16,500 ಸ್ಥಿತಿಗಳು. ನಮ್ಮ ಚಿಕ್ಕಪಡಸಲಗಿ ಬ್ಯಾರೇಜಿನ ಗೇಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿ 16,500 ಜಾಗದಲ್ಲಿ ನಿಲ್ಲಿಸಬಹುದು ಅಂದುಕೊಳ್ಳಿ, ಹಾಗೆ. ಆ ಬ್ಯಾರೇಜಿನ ಮಾತು ಬಂತು, ಹೇಳಿಬಿಡುತ್ತೇನೆ: 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸ್ವಂತ ದುಡ್ಡು, ಸ್ವಂತ ಶ್ರಮ ಹಾಕಿ ಕೃಷ್ಣೆಗೆ ಕಟ್ಟಿದ್ದು, ಶ್ರಮಬಿಂದು ಸಾಗರ ಅಂತ ಹೆಸರು. ನಮ್ಮ ಭಾಗದ ಜನ ತಂತ್ರಜ್ಞಾನ ತಮ್ಮ ಕೈಯಾರೆ ಕಟ್ಟಿದವರು, ದೂರ ನಿಂತು ಹೆದರಿದವರಲ್ಲ.

ಆ ಬೆಂಗಳೂರಿನ ತಂಡ ಪರೀಕ್ಷೆಗೆ ಒಂದು ಚಿತ್ರ ಆರಿಸಿತು. ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಿಂದ "ಸೃಷ್ಟಿಯ ಸ್ತಂಭಗಳು" ಎಂಬ ನಕ್ಷತ್ರಧೂಳಿನ ಪ್ರಸಿದ್ಧ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮೂಡಿಸಿತು, ಮಾಮೂಲಿಗಿಂತ ಬಹಳ ಕಡಿಮೆ ಸಮಯ ಮತ್ತು ಶಕ್ತಿಯಲ್ಲಿ. ಆ ಹೆಸರಿನ ಮಾತು ಲಂಡನಿನ ಬೋಧಕ ಸ್ಪರ್ಜನ್ 1857ರ ಒಂದು ಪ್ರಸಂಗದಲ್ಲಿ, ಕ್ರಿಸ್ತನು ಶಿಶುವಾಗಿ ತಗ್ಗಿ ಬಂದ ವಿಷಯ ಹೇಳುವಾಗ ಬಳಸಿದ್ದು. ನಮ್ಮ ಊರ ಕಡೆ ಹೇಳುವ ಹಾಗೆ, ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ!

ಮುಂದೆ ಇಂಥ ಚಿಪ್ ಪೂರ್ತಿ ನಮ್ಮ ದೇಶದಲ್ಲೇ ಆಗಬೇಕು ಅನ್ನುವುದು ಅವರ ಗುರಿ. ಆದರೆ ಏನು? ದೊಡ್ಡ ಡೇಟಾ ಸೆಂಟರ್ ಮಾಡುವ ಕೆಲಸದಲ್ಲಿ ಸ್ವಲ್ಪ ಭಾಗ ಸಣ್ಣ ಬ್ಯಾಟರಿಯ ಮೇಲೆ ನಡೆಯಬಹುದು. ಸಾವಳಗಿಯ ದ್ರಾಕ್ಷಿ ತೋಟದಲ್ಲಿ ಕಂಬಕ್ಕೆ ಕಟ್ಟಿದ ಒಂದು ಪುಟ್ಟ ಯಂತ್ರ, ನೆಟ್‌ವರ್ಕ್ ಇಲ್ಲದೆಯೇ, ಎಲೆ ನೋಡಿ ಬೂದಿರೋಗ ಶುರುವಾಗಿದೆ ಅಂತ ಹೇಳಬಹುದು. ಅದೇ ಯಂತ್ರ ಬೀದಿಯ ಕಂಬದ ಮೇಲೆ ಕೂತು, ಯಾರು ಯಾವ ಪ್ರಾರ್ಥನೆಗೆ ಹೋದರು ಅಂತಲೂ ನೋಡಬಹುದು. ಎರಡೂ ಸಾಧ್ಯ. ಬೆಚಲೇಲನು ಗುಡಾರಕ್ಕೆ ಚಿನ್ನ ಬಡಿಯುವ ಸ್ವಲ್ಪ ಮುಂಚೆ, ಅದೇ ಅರಣ್ಯದಲ್ಲಿ, ಅದೇ ಜನರ ಕಿವಿಯೋಲೆಯ ಚಿನ್ನದಿಂದ ಬಸವನ ಕರು ಆಗಿತ್ತಲ್ಲ. ಚಿನ್ನ ಒಂದೇ.

ಮಿದುಳಿನೊಳಗಿನ ಚಿಪ್? 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಸಲ ಮನುಷ್ಯನಿಗೆ ಕೂರಿಸಿತು. ಆ ಯುವಕ ನೀರಿಗೆ ಧುಮುಕಿದಾಗ ಪೆಟ್ಟಾಗಿ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡವನು. ಈಗ ಬರೀ ಯೋಚನೆಯಿಂದ ಕಂಪ್ಯೂಟರಿನ ಬಾಣ ಸರಿಸಿ ಚೆಸ್ ಆಡುತ್ತಾನೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಲು ನಾಲ್ವರು ಮಾಳಿಗೆ ತೆಗೆದರು. ಮಾಳಿಗೆ ಕೆಡಿಸಿದಿರಿ ಅಂತ ಕರ್ತನು ಬೈಯಲಿಲ್ಲ. ಹಾಸಿಗೆ ಹಿಡಿದವನಿಗೆ ನೆರವಾಗುವ ಸಾಧನವನ್ನು ಸೈತಾನನದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಅವನ ಮಿದುಳಿನಿಂದ ಬರುವ ಸಂಕೇತ ಯಾರ ಆಸ್ತಿ? ಚಿಲಿ ದೇಶ 2021ರಲ್ಲೇ ಮಿದುಳಿನ ಮಾಹಿತಿಯ ರಕ್ಷಣೆಗೆ ಸಂವಿಧಾನ ತಿದ್ದಿತು. ನಾವು 666 ಎಣಿಸುತ್ತಾ ಕೂತರೆ ಈ ಪ್ರಶ್ನೆ ಕೇಳುವವರು ಯಾರು? ವಕೀಲಿಕೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಇದು ನಿಮಗೆ.

ಇನ್ನೊಂದು ವಿಷಯ ನನ್ನನ್ನು ಈ ಚಿಪ್‌ಗಿಂತ ಹೆಚ್ಚು ಕಾಡುತ್ತದೆ. ಒಟ್ಟಿಗೆ ಮಿಡಿಯುವ ನರಕೋಶಗಳ ನಡುವಿನ ಸೇತುವೆ ಗಟ್ಟಿಯಾಗುತ್ತದೆ ಅಂತ ಹೆಬ್ ಎಂಬ ವಿಜ್ಞಾನಿ 1949ರಲ್ಲಿ ಹೇಳಿದರು. ಆ ಅಣುಗಳ ಪದರವೂ ಅದನ್ನೇ ಅನುಕರಿಸುತ್ತದೆ. ಹೊಲದಲ್ಲಿ ನೀರು ಬಿಟ್ಟವರಿಗೆ ಇದು ಗೊತ್ತು: ಒಂದು ಸಲ ನೀರು ಹರಿದ ಕಡೆ ಮಣ್ಣು ಕೊರೆಯುತ್ತದೆ, ಮರುದಿನ ನೀರು ತಾನಾಗಿ ಅಲ್ಲೇ ಓಡುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ, ಹೆಬ್ಬೆರಳಿನಿಂದ ಒಂದರ ಮೇಲೊಂದು ರೀಲ್ ಸರಿಸುತ್ತಾ ಒಂದೂವರೆ ಆಗುತ್ತದಲ್ಲ, ಆಗ ನಿನ್ನೊಳಗೆ ಯಾವ ಕಾಲುವೆ ಕೊರೆಯುತ್ತಿದೆ? ನಿನ್ನ ಹಣೆಗೆ ಯಾರೂ ಚಿಪ್ ಹಾಕಿಲ್ಲ. ಆದರೆ ದಿನಕ್ಕೆ ಎರಡೂವರೆ ತಾಸು ಬಲಗೈಯಲ್ಲಿ ಹಿಡಿದು ಹಣೆಯ ಮುಂದೆ ಇಟ್ಟುಕೊಂಡಿದ್ದೀಯ. ಯಾರು ಆಮೆನ್ ಹೇಳಲಿಲ್ಲ ಈಗ? ಪರವಾಗಿಲ್ಲ.

ರೋಮಾಪುರದವರಿಗೆ 12:2ರಲ್ಲಿ ಪೌಲನು ಈ ಲೋಕದ ಅಚ್ಚಿಗೆ ಬೀಳಬೇಡಿ, ಮನಸ್ಸು ಹೊಸದಾಗಿ ಬೇರೆಯಾಗಿರಿ ಅನ್ನುತ್ತಾನೆ. ಆ ಪದರಕ್ಕೆ ಯಾವ ಮಿಡಿತ ಕೊಟ್ಟರೆ ಅದನ್ನೇ ಹಿಡಿಯುತ್ತದೆ, ಬೇಡ ಅನ್ನಲು ಅದಕ್ಕೆ ಬಾಯಿಲ್ಲ. ಹಕ್ಕಿ ನೋಡಿ ವಿಮಾನ ಮಾಡಿದರು, ವಿಮಾನ ಗೂಡು ಕಟ್ಟಲಿಲ್ಲ. ಮಿದುಳು ನೋಡಿ ಮಾಡಿದ ಚಿಪ್ ಮೊಣಕಾಲೂರುವುದಿಲ್ಲ. ನೀನು ಊರಬಹುದು. ಕೊರೆದ ಕಾಲುವೆಗೆ ಮಣ್ಣು ಹಾಕಿ ನೀರು ತಿರುಗಿಸಬಹುದು, ಆತ್ಮನು ಸಹಾಯ ಮಾಡುತ್ತಾನೆ. ಒಂದೇ ಉಪವಾಸ ಕೂಟದಲ್ಲಿ ಆಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಮೊದಲು ಮೊಬೈಲೋ ವಾಕ್ಯವೋ, ಅಲ್ಲಿಂದ ಶುರು.

ಆ ಹುಡುಗಿಗೆ ನಾನು ಹೇಳಿದ್ದು ದಾನಿಯೇಲನ ಕಥೆ. ಬಾಬೆಲಿನವರು ಅವನಿಗೆ ತಮ್ಮ ಭಾಷೆ, ತಮ್ಮ ವಿದ್ಯೆ ಕಲಿಸಿದರು, ಕಲಿತ. ಅರಮನೆಯಲ್ಲಿ ನೌಕರಿ ಕೊಟ್ಟರು, ಮಾಡಿದ, ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಆದರೆ ಪ್ರಾರ್ಥನೆ ನಿಲ್ಲಿಸು ಅಂದಾಗ ಕಿಟಕಿ ತೆರೆದು ಮೊಣಕಾಲೂರಿದ. ಅವಳ ಕೆಲಸ ವೆರಿಫಿಕೇಶನ್, ಚಿಪ್ ತಯಾರಾಗುವ ಮುಂಚೆ ತಪ್ಪು ಹುಡುಕುವುದು. ಅದು ಸಣ್ಣ ಕೆಲಸ ಅಲ್ಲ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್‌ನಲ್ಲಿ ಭಾಗಾಕಾರದ ಪಟ್ಟಿಯ ಕೆಲವೇ ಅಂಕಿಗಳು ಬಿಟ್ಟುಹೋಗಿದ್ದಕ್ಕೆ ಕಂಪನಿ 47.5 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ತಪ್ಪು ಕಂಡರೆ ಕಂಡಿದೆ ಅಂತ ಬರೆಯುವುದು, ಗಡುವು ಹತ್ತಿರ ಬಂತು, ಸಹಿ ಹಾಕಿಬಿಡು ಅಂತ ಮ್ಯಾನೇಜರ್ ಒತ್ತಿದರೂ ಸುಳ್ಳು ಸಹಿ ಹಾಕದಿರುವುದು. "ನಿನ್ನ ಬಲಗೈ ಪರೀಕ್ಷೆ ಆಗೋದು ಅಲ್ಲಿ ಐತಿ ತಂಗಿ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನೌಕರಿ ಬಿಡೋದಕ್ಕಿಂತ ಕಷ್ಟ ಐತ್ರಿ ಪಾಸ್ಟರ್" ಅಂದಳು. ಆ ತಾಯಿಗೂ ಹೇಳಿದೆ, ಅವ್ವಾ, ಉಪವಾಸ ಬಿಡಬ್ಯಾಡ್ರಿ, ವಿಷಯ ಬದಲು ಮಾಡ್ರಿ.

ಸಮಯ ಆಯಿತು. ಸಂಗೀತದವರು ಮುಂದೆ ಬನ್ನಿ. ಎಲ್ಲರೂ ಎದ್ದು ನಿಲ್ಲಿ. ತಂದೆ-ತಾಯಂದಿರೇ, ನಿಮ್ಮ ಮಗ ಮಗಳು ಎಲ್ಲಿ ನಿಂತಿದ್ದಾರೋ ಅಲ್ಲಿಗೆ ಹೋಗಿ. ನಾಚಿಕೊಳ್ಳಬೇಡಿ, ಹೋಗಿ. ಅವರ ಬಲಗೈ ಹಿಡಿಯಿರಿ. ಯಾರ ಮನೆಯವರು ಬಂದಿಲ್ಲವೋ ಅವರ ಕೈಯನ್ನು ಪಕ್ಕದ ಹಿರಿಯರು ಹಿಡಿಯಿರಿ. ಪ್ರಾರ್ಥಿಸೋಣ.

ಕರ್ತನೇ, ಬೆಚಲೇಲನನ್ನು ಹೆಸರು ಹಿಡಿದು ಕರೆದ ದೇವರೇ, ಈ ಕೈಗಳನ್ನು ನೋಡು. ಕೀಬೋರ್ಡ್ ಮೇಲಿರುವ ಕೈ, ಮಗ್ಗದ ಮೇಲಿರುವ ಕೈ, ದ್ರಾಕ್ಷಿ ಬಳ್ಳಿ ಕಟ್ಟುವ ಕೈ. ನಿನ್ನ ಆತ್ಮನಿಂದ ತುಂಬಿಸು. ಕೆಲಸ ಹುಡುಕುತ್ತಿರುವವರಿಗೆ ಬಾಗಿಲು ತೆರೆ. ಈ ವಾರ ಆಫೀಸಿನಲ್ಲಿ ಸುಳ್ಳು ಸಹಿ ಕೇಳಿಸಿಕೊಳ್ಳುವ ನಿನ್ನ ಮಕ್ಕಳ ಪಕ್ಕದಲ್ಲಿ ನಿಲ್ಲು. ಹಾಸಿಗೆ ಹಿಡಿದವರನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.